ಭುಜ 38, ಎದೆ 39, ಹೊಟ್ಟೆ 42: ಶಿವಾಜಿನಗರದ ಟೈಲರ್ ಒಬ್ರ ರಿವ್ಯೂ

ಕಮರ್ಷಿಯಲ್ ಸ್ಟ್ರೀಟ್ ಹಿಂದ್ಗಡೆ ಶಿವಾಜಿನಗರದ ಗಲ್ಲಿಯೊಂದ್ರಲ್ಲಿ ನನ್ನ ರಿಸೆಪ್ಷನ್ ಸೂಟ್ ಹೊಲಿಸ್ದೆ. ಕೋಟಿಗೆ ಐದಕ್ಕೆ ನಾಲ್ಕೂವರೆ, ಪ್ಯಾಂಟಿಗೆ ಮೂರು, ಹೇಳಿದ ದಿನಕ್ಕೆ ಕೊಡೋ ವಿಷ್ಯದಲ್ಲಿ ಎರಡು ಕೊಟ್ರೇ ಜಾಸ್ತಿ. ಅಂಗಡಿ ಹೆಸ್ರು ಹಾಕ್ತಿಲ್ಲ, ಯಾಕಂದ್ರೆ ಇದ್ರಲ್ಲಿ ನಾನು ಬೈದಿರೋ ಶೋರೂಮ್‌ಗಳ ಹೆಸ್ರೂ ಹಾಕಿಲ್ಲ, ಇವ್ರದ್ದು ಮಾತ್ರ ಹಾಕಿದ್ರೆ ಕಮಿಷನ್ ತಗೊಂಡು ಬರ್ದಂಗೆ ಕಾಣುತ್ತೆ. ಆ ಗಲ್ಲಿಗಳಲ್ಲಿ ಇಂಥ ಮಾಸ್ಟರ್‌ಗಳು ಇನ್ನೂ ಇದ್ದಾರೆ, ಹೆಂಗೆ ಹುಡುಕೋದು, ಸಿಕ್ಕಿದ್ಮೇಲೆ ಏನು ಕೇಳ್ಬೇಕು, ಎಲ್ಲಿ ಮೋಸ ಹೋಗ್ತೀವಿ ಅನ್ನೋದನ್ನ ಹೇಳ್ತೀನಿ, ಮಿಕ್ಕಿದ್ದು ನಿಮ್ಮ ಅದೃಷ್ಟ.

ಮೊದ್ಲು ನನ್ನ ಅಳತೆ ಹೇಳ್ಬೇಕು, ಇಲ್ಲಾಂದ್ರೆ ಮುಂದಿಂದು ಅರ್ಥ ಆಗಲ್ಲ. ಎತ್ತರ ಐದಡಿ ಐದಿಂಚು, ಎದೆ ಸುತ್ತಳತೆ 39 ಇಂಚು, ಸೊಂಟ 36. ಭುಜ ಚಿಕ್ಕದು, ನಮ್ಮಪ್ಪಂದೂ ಹಂಗೇ, ತಾತಂದೂ ಹಂಗೇ ಇತ್ತಂತೆ, ನಮ್ಮ ವಂಶದಲ್ಲಿ ಯಾರ ಹೆಗಲ ಮೇಲೂ ಟವಲ್ ಸರಿಯಾಗಿ ನಿಂತಿದ್ದು ನಾನು ನೋಡಿಲ್ಲ. ಹೊಟ್ಟೆ ಮಾತ್ರ ಪಿತ್ರಾರ್ಜಿತ ಅಲ್ಲ, ಸ್ವಯಾರ್ಜಿತ, ಹನ್ನೊಂದು ವರ್ಷ ಬ್ಯಾಂಕ್ ಕುರ್ಚಿ ಮೇಲೆ ಕೂತು ಸಂಪಾದಿಸಿದ್ದು.

ಸೂಟಿನ ನಂಬರ್ ಅಂದ್ರೆ ಎದೆ ಅಳತೆ, ಇಂಚಲ್ಲಿ. 36, 38, 40, 42 ಹಿಂಗೆ ಸಾಮಾನ್ಯವಾಗಿ ಸಮ ಸಂಖ್ಯೆಯಲ್ಲೇ ಸಿಗುತ್ತೆ. ಕೆಲವು ಲೇಬಲ್ ಮೇಲೆ 48, 50, 52 ಅಂತಿರುತ್ತೆ, ಗಾಬರಿ ಬೀಳ್ಬೇಡಿ, ಅದು ಯುರೋಪ್ ನಂಬರು, ಹತ್ತು ಕಳೆದ್ರೆ ನಮ್ಮ ನಂಬರ್ ಬರುತ್ತೆ. 39ರೋನು ಎಲ್ಲಿ ನಿಂತ್ಕೋಬೇಕು? ಅತ್ತ ದರಿ ಇತ್ತ ಪುಲಿ. ಆದ್ರೆ ನಿಜವಾದ ತೊಂದ್ರೆ 39 ಅಲ್ವೇ ಅಲ್ಲ ಅಂತ ಗೊತ್ತಾಗಿದ್ದು ಮೂರು ಅಂಗಡಿ ಸುತ್ತಿ ಕಾಲು ನೋವು ಬಂದ್ಮೇಲೆ. ಸೆಟ್ ಆಗಿ ಬರೋ ಸೂಟಲ್ಲಿ ಕೋಟಿನ ಎದೆಗೂ ಪ್ಯಾಂಟಿನ ಸೊಂಟಕ್ಕೂ ಸಾಮಾನ್ಯವಾಗಿ ಆರು ಇಂಚು ವ್ಯತ್ಯಾಸ ಇಟ್ಟಿರ್ತಾರೆ, ಅದಕ್ಕೆ ಡ್ರಾಪ್ ಅಂತಾರೆ. 38ರ ಕೋಟಿಗೆ 32ರ ಪ್ಯಾಂಟು, 40ಕ್ಕೆ 34. ನನ್ನ ಎದೆಗೂ ಸೊಂಟಕ್ಕೂ ಇರೋದು ಮೂರೇ ಇಂಚು. ಅಂದ್ರೆ ನನ್ನ ಸೊಂಟಕ್ಕೆ ಹಿಡ್ಸೋ ಪ್ಯಾಂಟು 42ರ ಸೂಟ್ ಜೊತೆ ಬರುತ್ತೆ, ಭುಜ ನೋಡಿದ್ರೆ 38ರೋನದ್ದು, ಎದೆ ಇವೆರಡ್ರ ಮಧ್ಯದಲ್ಲಿ. ಒಂದೇ ಮೈಯಲ್ಲಿ ಮೂರು ಜನ ಬಾಡಿಗೆಗಿದ್ದಂಗೆ.

ಇನ್ನೊಂದು ಫಜೀತಿ ಏನಂದ್ರೆ ಸೂಟ್‌ನ ನಾನು ತಗೊಳ್ಳಂಗಿರ್ಲಿಲ್ಲ. ನಮ್ಮ ಕಡೆ ಗಂಡಿಗೆ ಸೂಟ್ ಕೊಡ್ಸೋದು ಹೆಣ್ಣಿನ ಮನೆಯವ್ರು. ಬೇಡ ಮಾವ, ನಾನೇ ತಗೋತೀನಿ ಅಂದ್ರೆ "ನೀವು ಸುಮ್ನಿರಿ, ನಮ್ಮ ಸಂತೋಷಕ್ಕೆ" ಅಂದ್ರು. ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ ಮಾಡೋರು ಅವ್ರು, ಕೊಬ್ಬರಿ ಗಿಟುಕನ್ನ ಕಿವಿ ಹತ್ರ ಇಟ್ಕೊಂಡು ಕುಲುಕಿದ್ರೆ ಒಳಗೆ ಹೆಂಗಿದೆ ಅಂತ ಹೇಳ್ಬಿಡ್ತಾರೆ. ದುಡ್ಡು ಕೊಡೋರು ಬೇರೆಯೋರು, ಅದ್ರಲ್ಲೂ ಇನ್ನೂ ಆಗ್ಬೇಕಾಗಿರೋ ಮಾವ, ಪಕ್ಕದಲ್ಲೇ ನಿಂತಿದಾರೆ ಅಂದ್ರೆ ಹದಿನೇಳು ಕೋಟು ಹಾಕಿ ಬಿಚ್ಚೋಕೆ ಮುಖ ಎಲ್ಲಿ ಬರುತ್ತೆ ಹೇಳಿ. ಎರಡನೇದಕ್ಕೇ "ಇದೇ ಇರ್ಲಿ ಮಾವ" ಅನ್ನೋಕೆ ಹೊರಟಿದ್ದೆ, ನಮ್ಮಕ್ಕ ಕೈ ಚಿವುಟಿ ನಿಲ್ಲಿಸಿದ್ಲು.

ಮಾಲ್‌ನಲ್ಲಿ ಶುರು ಮಾಡಿದ್ವಿ. ಸೇಲ್ಸ್ ಹುಡ್ಗ ಟೇಪ್ ಮುಟ್ಲೇ ಇಲ್ಲ, ನನ್ನ ಮೇಲಿಂದ ಕೆಳಕ್ಕೆ ಒಂದ್ಸಲ ನೋಡಿ 40 ಅಂದ. ಹಾಕ್ಕೊಂಡೆ. ಎದೆ ಪರ್ವಾಗಿಲ್ಲ, ಆದ್ರೆ ಭುಜದ ಪ್ಯಾಡು ನನ್ನ ಭುಜ ಮುಗಿದ್ಮೇಲೂ ಮುಕ್ಕಾಲು ಇಂಚು ಮುಂದಕ್ಕೆ ಹೋಗಿ ಚಜ್ಜಾ ಥರ ನಿಂತಿತ್ತು, ಅದ್ರ ಕೆಳಗೆ ತೋಳಲ್ಲಿ ಒಂದು ಗುಳಿ, ಬೆರಳಿಟ್ರೆ ಒಳಗೆ ಹೋಗುತ್ತೆ. ಉದ್ದ ಅಂತೂ ಹೆಬ್ಬೆರಳು ದಾಟಿ ಕೆಳಗಿಳಿದಿತ್ತು. ಅಕ್ಕ "ಏನೋ ಇದು, ಅಪ್ಪನ ಕೋಟು ಹಾಕ್ಕೊಂಡು ಸ್ಕೂಲ್ ಡೇಗೆ ಹೊರಟಂಗಿದೀಯಾ" ಅಂದ್ಲು. ಮಾವ ಪಾಪ, "ಚೆನ್ನಾಗಿದೆ, ಸ್ವಲ್ಪ ಗಾಳಿ ಆಡುತ್ತೆ ಅಷ್ಟೇ" ಅಂದ್ರು. ಆಮೇಲೆ 38 ಸ್ಲಿಮ್ ಫಿಟ್ ಅಂತ ತಂದ. ಭುಜ ಕರೆಕ್ಟಾಗಿ ಕೂತ್ಕೊಂತು, ಆಹಾ ಅಂದ್ಕೊಂಡು ಗುಂಡಿ ಹಾಕಿದೆ ನೋಡಿ, ಗುಂಡಿ ಸುತ್ತ ಗುಣಾಕಾರ ಚಿಹ್ನೆ ಥರ ನೆರಿಗೆ ಎದ್ದು ನಿಲ್ತು, ಉಸಿರು ಒಳಗೆ ಎಳ್ಕೊಂಡ್ರೆ ಮಾತ್ರ ಮಾಯ ಆಗುತ್ತೆ, ಸ್ಟೇಜ್ ಮೇಲೆ ಮೂರು ಗಂಟೆ ಉಸಿರು ಹಿಡ್ಕೊಂಡು ಎಂಟ್ನೂರು ಜನಕ್ಕೆ ಕೈ ಮುಗಿಯೋಕಾಗುತ್ತಾ. ಹುಡ್ಗ ಬಿಡ್ಲಿಲ್ಲ. "ಸರ್ ಗುಂಡಿ ಯಾರು ಸರ್ ಹಾಕ್ತಾರೆ ಈಗ, ಓಪನ್ ಬಿಟ್ರೇ ಸ್ಟೈಲ್." ಸರಿ ಹಂಗಾದ್ರೆ 40ರ ಭುಜ ಚಿಕ್ಕದು ಮಾಡ್ತೀರಾ ಅಂದ್ರೆ "ಎಲ್ಲಾ ಆಲ್ಟರ್ ಆಗುತ್ತೆ ಸರ್" ಅಂದ. ಈ "ಎಲ್ಲಾ ಆಗುತ್ತೆ" ಅನ್ನೋರನ್ನ ನಂಬಬೇಡಿ.

ನಾನು ಹೋದ ಮೂರು ಶೋರೂಮಲ್ಲೂ ಇದ್ದಿದ್ದು ರೆಗ್ಯುಲರ್ ಲೆಂತ್ ಒಂದೇ. ಒಂದೇ 38ರಲ್ಲಿ ಶಾರ್ಟ್, ರೆಗ್ಯುಲರ್, ಲಾಂಗ್ ಅಂತ ಮೂರು ಉದ್ದ ಇರುತ್ತೆ, ನನ್ನಂಥ ಐದಡಿ ಐದಿಂಚಿನೋರಿಗೆ ಶಾರ್ಟ್ ಬೇಕು, ಕೇಳಿದ್ರೆ "ಶಾರ್ಟ್ ಅಂದ್ರೆ ಸರ್?" ಅಂತ ನನ್ನೇ ಕೇಳ್ತಾರೆ. ಅರ್ಧ ಕರ್ನಾಟಕ ನನ್ನ ಎತ್ತರದಲ್ಲೇ ಓಡಾಡ್ತಿದೆ, ಆದ್ರೂ ಸ್ಟಾಕ್ ಇಲ್ವಂತೆ.

ಇನ್ನೊಂದು ಶೋರೂಮಲ್ಲಿ 16,999ರ ಒಂದು ನೀಲಿ ಸೂಟ್ ನಿಜವಾಗ್ಲೂ ಚೆನ್ನಾಗಿತ್ತು, ಕೋಟು 40 ಕೊಡಿ, ಪ್ಯಾಂಟ್ ಮಾತ್ರ 36 ಕೊಡಿ ಅಂದೆ, ಸೆಟ್ ಒಡೆಯೋಕಾಗಲ್ಲ ಅಂದ್ರು. ಮೂರನೇ ಕಡೆ ಕೋಟು ಪ್ಯಾಂಟು ಬೇರೆ ಬೇರೆ ಸೈಜಲ್ಲಿ ಬಿಡಿಬಿಡಿಯಾಗಿ ಮಾರ್ತಿದ್ರು. ಇದು ನಮ್ಮಂಥೋರಿಗೆ ಒಳ್ಳೇ ದಾರಿ, ಆದ್ರೆ ಆವತ್ತು ಅಲ್ಲಿದ್ದಿದ್ದು ಬರೀ ಕಪ್ಪು, ಅದೂ ಕೋಟಿನ ಕಪ್ಪು ಬೇರೆ ಪ್ಯಾಂಟಿನ ಕಪ್ಪು ಬೇರೆ. ಟ್ಯೂಬ್‌ಲೈಟ್ ಕೆಳಗೆ ಗೊತ್ತಾಗಲ್ಲ, ಬಾಗ್ಲ ಹತ್ರ ಬಿಸಿಲಿಗೆ ತಂದು ನೋಡಿದ್ರೆ ಒಂದು ಕಪ್ಪು, ಇನ್ನೊಂದು ಕಾಗೆ ಮರಿ ಬಣ್ಣ. ಬಿಡಿಯಾಗಿ ತಗೊಳ್ಳೋರು ಈ ಬಿಸಿಲಿನ ಟೆಸ್ಟ್ ಮರೀಬೇಡಿ.

ಆಮೇಲೆ ಮಾಡಿದ್ದೇ ಈ ಇಡೀ ಕಥೆಯಲ್ಲಿ ನಾನು ಮಾಡಿದ ಏಕೈಕ ಬುದ್ಧಿವಂತ ಕೆಲ್ಸ. ಜಯನಗರ ಫೋರ್ತ್ ಬ್ಲಾಕ್‌ನಲ್ಲಿ ಮಿಷನ್ ಇಟ್ಕೊಂಡು ಕೂತ್ಕೋತಾರಲ್ಲ ಆಲ್ಟ್ರೇಷನ್‌ನೋರು, ಒಬ್ರ ಹತ್ರ ಹೋಗಿ ಅಣ್ಣಾ, ಕೋಟಲ್ಲಿ ಏನೇನು ಆಗುತ್ತೆ ಏನೇನು ಆಗಲ್ಲ ಹೇಳಿ ಅಂತ ಕೇಳ್ದೆ. ಪ್ಯಾಂಟು ಹೊಲೀತಾ ಹೊಲೀತಾ ತಲೆ ಎತ್ತದೆ ಹೇಳಿದ್ರು. ಸೊಂಟದ ಹತ್ರ ಹಿಡಿಸ್ಬೋದು, ಆರಾಮಾಗಿ. ಬಿಡಿಸೋದಾದ್ರೆ ಒಳಗೆ ಮಾರ್ಜಿನ್ ಎಷ್ಟು ಬಿಟ್ಟಿದಾರೆ ಅದ್ರ ಮೇಲೆ, ರೆಡಿಮೇಡಲ್ಲಿ ಕಮ್ಮಿ ಬಿಟ್ಟಿರ್ತಾರೆ. ತೋಳು ಒಂದಿಂಚು ಮೇಲೆತ್ತಬೋದು, ಆದ್ರೆ ತೋಳಿನ ತುದೀಲಿ ನಿಜವಾದ ಕಾಜಾ ಮಾಡಿದ್ರೆ ಕಷ್ಟ, ಕಾಜಾ ಮುಚ್ಚೋಕಾಗಲ್ವಲ್ಲ. ಪ್ಯಾಂಟು ಹಿಂದ್ಗಡೆ ಒಂದೂವರೆ ಇಂಚು ತನಕ ಬಿಡಿಸ್ಬೋದು. ಕೋಟಿನ ಉದ್ದ ಕತ್ತರಿಸ್ಬಾರ್ದು, ಕತ್ತರಿಸಿದ್ರೆ ಜೇಬು ತೀರಾ ಕೆಳಗೆ ಬಂದು ಕೂತ್ಕೊಳುತ್ತೆ, ಗುಂಡಿ ಲೆಕ್ಕಾನೂ ತಪ್ಪುತ್ತೆ. ಭುಜ ಅಂದೆ. ಆಗ ತಲೆ ಎತ್ತಿದ್ರು. "ಭುಜ ಬಿಚ್ಬೇಕಂದ್ರೆ ತೋಳು ಬಿಚ್ಬೇಕು, ತೋಳು ಬಿಚ್ಚಿದ್ರೆ ಲೈನಿಂಗ್, ಪ್ಯಾಡು, ಕಾಲರ್ ಎಲ್ಲ ಬಿಚ್ಬೇಕು, ಅಷ್ಟೊತ್ತಿಗೆ ಹೊಸ್ದೇ ಹೊಲೀಬೋದು ಸಾರ್. ಯಾರಾದ್ರೂ ಮಾಡ್ಕೊಡ್ತೀನಿ ಅಂದ್ರೆ ಕೋಟು ಅವ್ರ ಕೈಗೆ ಕೊಡ್ಬೇಡಿ." ದುಡ್ಡು ತಗೊಳ್ಲಿಲ್ಲ. ಕಾಫಿ ತರಿಸ್ಕೊಟ್ಟು ಬಂದೆ.

ಅಂದ್ರೆ ಲೆಕ್ಕ ಸಿಂಪಲ್. ನಡುವಿನ ಸೈಜ್‌ನೋರು ಎದೆ ನೋಡಿ ಕೋಟು ಆರಿಸ್ಬಾರ್ದು, ಭುಜ ನೋಡಿ ಆರಿಸ್ಬೇಕು. ಭುಜ ಕೂತಿರೋ ಕೋಟು ಎದೆಗೆ, ಹೊಟ್ಟೆಗೆ ಸ್ವಲ್ಪ ದೊಡ್ಡದಾಗಿದ್ರೆ ಹಿಡಿಸಿ ಕೆಲ್ಸ ಮುಗಿಸ್ಬೋದು. ನಿಮ್ಮ ಭುಜ 40ರದ್ದು, ಎದೆ 39, ಸೊಂಟ 33 ಅಂತಿದ್ರೆ ಇಲ್ಲಿಗೇ ಓದೋದು ನಿಲ್ಸಿ, 40ರ ರೆಡಿಮೇಡ್ ತಗೊಂಡು ಸೊಂಟ ಹಿಡಿಸ್ಕೊಳ್ಳಿ, ಟೈಲರ್ ಸಹವಾಸ ಬೇಡ. ನನ್ನಂಗೆ ಭುಜ ಚಿಕ್ಕದು ಹೊಟ್ಟೆ ದೊಡ್ಡದು ಅಂತಿದ್ರೆ ಮಾತ್ರ ಬೇರೆ ಗತಿ ಇಲ್ಲ, ಹೊಲಿಸ್ಲೇಬೇಕು.

ಹೊಲಿಸೋದು ಅಂದ್ರೆ ಬೆಂಗಳೂರಲ್ಲಿ ಜಾಗಕ್ಕೆ ಬರ ಇಲ್ಲ. 1809ರ ಸುಮಾರಿಗೆ ಬ್ರಿಟಿಷರು ಹಲಸೂರಿನ ಕಡೆ ದಂಡು ತಂದು ಇಳಿಸಿದ್ಮೇಲೆ ಅಧಿಕಾರಿಗಳ ಕೋಟು ಪ್ಯಾಂಟು ಹೊಲಿಯೋಕೆ ಜನ ಬೇಕಾಯ್ತಲ್ಲ, ಪೇಟೆ ಕಡೆ ಬಟ್ಟೆ ವ್ಯಾಪಾರ, ದಂಡಿನ ಕಡೆ ಸೂಟಿನ ಟೈಲರ್‌ಗಳು ಅನ್ನೋ ಭಾಗ ಇವತ್ತಿಗೂ ಸ್ವಲ್ಪ ಹಂಗೇ ಉಳ್ಕೊಂಡಿದೆ. 1923ರಲ್ಲಿ ಶುರುವಾದ ಪಿ.ಎನ್. ರಾವ್ ಇದೆ, ರೇಮಂಡ್‌ನೋರ ಮೇಡ್ ಟು ಮೆಷರ್ ಇದೆ, ದುಡ್ಡಿರೋರು ಅಲ್ಲಿಗೆ ಹೋಗ್ಲಿ. ನಾನು ಮಾವನ ಜೇಬಿಗೆ ಕೈ ಹಾಕೋನಾಗಿದ್ರಿಂದ ಬಟ್ಟೆ ಚಿಕ್ಕಪೇಟೇಲಿ, ಹೊಲಿಗೆ ಶಿವಾಜಿನಗರದಲ್ಲಿ ಅಂತ ತೀರ್ಮಾನ ಮಾಡ್ದೆ. ಟ್ಯಾಕ್ಸ್ ಲೆಕ್ಕದಲ್ಲೂ ಇದೇ ವಾಸಿ. 2025ರ ಸೆಪ್ಟೆಂಬರ್‌ನಿಂದ 2,500 ರೂಪಾಯಿ ದಾಟಿದ ರೆಡಿಮೇಡ್ ಬಟ್ಟೆಗೆ 18% ಜಿಎಸ್‌ಟಿ, ಮೀಟರ್ ಲೆಕ್ಕದ ಬಟ್ಟೆಗೆ 5%.

ಚಿಕ್ಕಪೇಟೆ ಮಾವನ ಕಾರ್ಯಕ್ಷೇತ್ರ. ಮೆಟ್ರೋ ಸ್ಟೇಷನ್ ಇಂದ ಮೇಲೆ ಬಂದಿದ್ದೇ ಅವ್ರ ನಡಿಗೆನೇ ಬದಲಾಯ್ತು, ಮಾಲ್‌ನಲ್ಲಿ ಕೈ ಕಟ್ಕೊಂಡು ನಿಂತಿದ್ದ ಮನುಷ್ಯ ಇಲ್ಲಿ ಥಾನ್ ಮೇಲೆ ಥಾನ್ ಬಿಚ್ಚಿಸ್ತಿದಾರೆ. ಬಟ್ಟೇನ ಮುಷ್ಟೀಲಿ ಗಟ್ಟಿಯಾಗಿ ಹಿಡಿದು ಹತ್ತು ಎಣಿಸಿ ಬಿಟ್ರು, ಸುಕ್ಕು ಉಳಿದ್ರೆ ಪಕ್ಕಕ್ಕೆ, ಸುಕ್ಕು ತಾನಾಗೇ ಬಿಚ್ಕೊಂಡ್ರೆ ಮುಂದಿನ ಮಾತು. ನಾನು ಕಲಿತಿದ್ದು ಏನಂದ್ರೆ ಸೂಟಿಂಗ್ ಬಟ್ಟೆಯ ಅಂಚಲ್ಲಿ ಮಿಲ್ ಹೆಸರು, ವುಲ್ ಎಷ್ಟು ಪಾಲಿಯೆಸ್ಟರ್ ಎಷ್ಟು ಅಂತ ಪ್ರಿಂಟ್ ಆಗಿರುತ್ತೆ, ಅಂಗಡಿಯೋನ ಬಾಯಿಗಿಂತ ಅಂಚು ಓದೋದು ಒಳ್ಳೇದು. ಟಿಆರ್ ಅಂದ್ರೆ ಪಾಲಿಯೆಸ್ಟರ್ ಜೊತೆ ವಿಸ್ಕೋಸ್, ಅಗ್ಗ, ಆದ್ರೆ ಛತ್ರದ ಲೈಟ್ ಕೆಳಗೆ ಮಿರಮಿರ ಅನ್ನುತ್ತೆ, ಒಳಗೆ ಬೆವರು. ಪೂರ್ತಿ ವುಲ್ ನಮ್ಮ ಬಜೆಟ್ ಅಲ್ಲ. ಮಧ್ಯದ ಟೆರಿವುಲ್ ತಗೊಂಡ್ವಿ, ಕಡು ನೀಲಿ. ಅಂಗಡಿಯೋನು ಮೀಟರ್‌ಗೆ 1,850 ಅಂದ, ಮಾವ ಎರಡು ಸಲ ಎದ್ದು ಹೊರಟು ಎರಡು ಸಲ ವಾಪಸ್ ಬಂದು 1,600ಕ್ಕೆ ಇಳಿಸಿದ್ರು. 58 ಇಂಚು ಅಗಲದ್ದು ಕೋಟು ಪ್ಯಾಂಟಿಗೆ ಮೂರೂಕಾಲು ಮೀಟರ್, 5,200 ಆಯ್ತು. ಆಮೇಲೆ ಬಳೇಪೇಟೆ ಉಡುಪಿ ಶ್ರೀಕೃಷ್ಣ ಭವನದಲ್ಲಿ ದೋಸೆ, ಅದೂ ಮಾವಂದೇ.

ಇನ್ನು ಟೈಲರ್ ಹುಡುಕಿದ್ದು. ಎಲ್ರೂ ಗೂಗಲ್‌ನಲ್ಲಿ ಸ್ಟಾರ್ ನೋಡ್ತಾರೆ, ನಾನು ನಮ್ಮ ಬ್ರಾಂಚ್‌ಗೆ ಬರೋ ವಕೀಲರನ್ನ ನೋಡ್ದೆ. ದಿನಾ ಕೋಟು ಹಾಕೋರು ಅವ್ರೇ ತಾನೆ. ಒಬ್ರು ಸೀನಿಯರ್ ಲಾಯರ್ರು, ನನಗಿಂತ ಡಬಲ್ ಹೊಟ್ಟೆ, ನನಗಿಂತ ಗಿಡ್ಡ, ಆದ್ರೆ ಕರಿ ಕೋಟು ಮೈಮೇಲೆ ಬರ್ದಂಗೆ ಕೂತಿರುತ್ತೆ, ಕಾಲರ್ ಕುತ್ತಿಗೆ ಬಿಟ್ಟು ಒಂದು ಎಳೆ ಆ ಕಡೆ ಹೋಗಲ್ಲ. ಸಾರ್, ತಪ್ಪು ತಿಳ್ಕೋಬೇಡಿ, ಕೋಟು ಎಲ್ಲಿ ಹೊಲಿಸ್ತೀರಾ ಅಂದೆ. ಡ್ರಾಫ್ಟ್ ಚಲನ್ ಹಿಂದೆ ನಕ್ಷೆ ಬರ್ಕೊಟ್ರು. ಈ ಟ್ರಿಕ್ ನಿಮಗೂ ಹೇಳ್ತಿದೀನಿ, ಚೆನ್ನಾಗಿ ಮೈಕಟ್ಟಿರೋರ ಟೈಲರ್‌ನ ಕೇಳ್ಬೇಡಿ, ಅವ್ರಿಗೆ ಗೋಣಿಚೀಲ ಹಾಕಿದ್ರೂ ಒಪ್ಪುತ್ತೆ, ನಿಮ್ಮ ಥರ ವಕ್ರ ಇರೋರನ್ನ ಹುಡುಕಿ ಕೇಳಿ.

ಅಂಗಡಿ ಅಂದ್ರೆ ಎಂಟಡಿ ಅಗಲ, ಒಂದು ಕಟಿಂಗ್ ಟೇಬಲ್ಲು, ಒಂದು ಉದ್ದ ಕನ್ನಡಿ, ಮೇಲೆ ಅಟ್ಟದಲ್ಲಿ ಮಿಷನ್ ಸದ್ದು. ಮಾಸ್ಟರ್‌ಗೆ ಅರವತ್ತರ ಮೇಲಿರ್ಬೋದು, ಕತ್ತಲ್ಲಿ ಟೇಪು, ಕಿವೀಲಿ ಚಾಕ್ ಚೂರು. ನಾನು 39 ಸಾರ್ ನಂದು ಅಂತ ಶುರು ಮಾಡ್ದೆ, ಕೈ ಅಡ್ಡ ಹಿಡಿದ್ರು. "ನಂಬರ್ ಬ್ಯಾಡ ಸಾರ್. ನಿಂತ್ಕೊಳ್ಳಿ, ಮಾಮೂಲಿ ಹೆಂಗ್ ನಿಂತ್ಕೋತೀರೋ ಹಂಗೆ." ಎದೆ ಉಬ್ಬಿಸಿ ನಿಂತೆ, ಬೈದ್ರು. ಸುಮಾರು ಇಪ್ಪತ್ತು ಅಳತೆ ತಗೊಂಡ್ರು, ನಡುವೆ ಸುಮ್ನೆ ನನ್ನ ಸುತ್ತ ಒಂದು ರೌಂಡ್ ಹಾಕಿ ಹಿಂದಿಂದ ನೋಡಿ "ಬ್ಯಾಗ್ ಬಲಗಡೆ ಹಾಕ್ತೀರಾ" ಅಂದ್ರು. ಹೌದು ಅಂದೆ. "ಬಲಭುಜ ಇಳಿದಿದೆ ಸಾರ್, ಅರ್ಧ ಇಂಚು ಹತ್ರ ಹತ್ರ. ಒಂದು ಪ್ಯಾಡ್ ಎಕ್ಸ್‌ಟ್ರಾ ಹಾಕ್ತೀನಿ." ಮೂವತ್ನಾಲ್ಕು ವರ್ಷ ಈ ಮೈ ಹೊತ್ಕೊಂಡು ತಿರುಗಿದೀನಿ, ನಂಗೇ ಗೊತ್ತಿರ್ಲಿಲ್ಲ. ಶೋರೂಮ್‌ಗಳಲ್ಲಿ ಯಾವ ಕೋಟು ಹಾಕಿದ್ರೂ ಬಲಗಡೆ ಒಂದು ಓರೆ ನೆರಿಗೆ ಬೀಳ್ತಿತ್ತು, ಅದಕ್ಕೆ ಕಾರಣ ಇದೇ.

ಆಮೇಲೆ ಕೇಳಿದ್ರು ನೋಡಿ ಒಂದು ಪ್ರಶ್ನೆ, "ಪ್ಯಾಂಟು ಎಲ್ಲಿ ಕಟ್ತೀರಾ, ಹೊಟ್ಟೆ ಮೇಲಾ ಹೊಟ್ಟೆ ಕೆಳಗಾ?" ಇಷ್ಟು ಅಂಗಡಿ ಸುತ್ತಿದ್ದೀನಿ, ಒಬ್ರೂ ಇದನ್ನ ಕೇಳಿರ್ಲಿಲ್ಲ. ಹೊಟ್ಟೆ ಕೆಳಗೆ ಕಟ್ಟಿದ್ರೆ ಸೊಂಟ 36, ಹೊಟ್ಟೆ ಮೇಲೆ ಅಂದ್ರೆ 38 ಹತ್ರ ಹೋಗುತ್ತೆ, ಆದ್ರೆ ಕಾಲು ಉದ್ದ ಕಾಣುತ್ತೆ, ಕೋಟಿನ ಗುಂಡಿ ಕೆಳಗೆ ಬಿಳಿ ಶರ್ಟ್ ತ್ರಿಕೋನ ಇಣುಕೋದೂ ತಪ್ಪುತ್ತೆ. ನಾನು ನಾಚ್ಕೊಂಡು ಮಧ್ಯದಲ್ಲಿ ಅಂದೆ. ಅವ್ರು ಹಂಗೇ ಬರ್ಕೊಂಡ್ರು. ಈ "ಮಧ್ಯ" ಮುಂದೆ ನನ್ನ ಹಿಡ್ಕೊಂತು, ಬರ್ತೀನಿ ಅದಕ್ಕೆ.

ರೇಟು ಎರಡು ಥರ. ಪೇಸ್ಟಿಂಗ್ ಕೋಟು ಅಂದ್ರೆ 4,500, ಎದೆಗೆ ಕ್ಯಾನ್ವಾಸ್ ಹಾಕಿದ್ದು 7,500, ಎರಡೂ ರೇಟು ಪ್ಯಾಂಟ್ ಹೊಲಿಗೆ ಸೇರಿ. ಪೇಸ್ಟಿಂಗ್ ಅಂದ್ರೆ ಬಟ್ಟೆ ಒಳಗೆ ಗಟ್ಟಿ ಬರ್ಲಿ ಅಂತ ಗಮ್ ಇರೋ ಇಂಟರ್‌ಲೈನಿಂಗ್‌ನ ಬಿಸಿಗೆ ಅಂಟಿಸೋದು, ಅಗ್ಗದ ರೆಡಿಮೇಡೆಲ್ಲ ಹೆಚ್ಚಾಗಿ ಇದೇ. ನಾಲ್ಕೈದು ಸಲ ಡ್ರೈಕ್ಲೀನ್ ಆದ್ಮೇಲೆ ಗಮ್ ಬಿಟ್ರೆ ಎದೆ ಮೇಲೆ ಅಪ್ಪಳದ ಥರ ಗುಳ್ಳೆ ಏಳುತ್ತೆ. ಕ್ಯಾನ್ವಾಸ್ ಅಂದ್ರೆ ಒಳಗೆ ಹಾಕೋ ಬಿಡಿ ಗಟ್ಟಿ ಬಟ್ಟೆ, ಅದನ್ನ ಅಂಟಿಸಲ್ಲ, ಹೊಲೀತಾರೆ, ಮೊದ್ಲು ನೀರಲ್ಲಿ ನೆನೆಸಿ ಒಣಗಿಸಿ ಆಮೇಲೆ ಹಾಕ್ತಾರಂತೆ, ಮುಂದೆ ಕುಗ್ಗಬಾರ್ದು ಅಂತ. ನಮ್ಮಂಥ ಮೈಗೆ ಇದೇ ಸರಿ, ಎದೆ ಹೊಟ್ಟೆ ಮೇಲೆ ಬಟ್ಟೆ ತಾನೇ ಬಗ್ಗಿ ಕೂತ್ಕೊಳುತ್ತೆ. ಯಾವ್ದು ಹಾಕಿದಾರೆ ಅಂತ ಪರೀಕ್ಷೆ ಮಾಡೋದು ಸುಲಭ, ಕೆಳಗಿನ ಗುಂಡಿ ಹತ್ರ ಹೊರಬಟ್ಟೆ ಒಳಬಟ್ಟೆ ಎರಡನ್ನೂ ಚಿವುಟಿ ಬೇರೆ ಮಾಡಿ ನೋಡಿ, ನಡುವೆ ಮೂರನೇ ಪದರ ಬಿಡಿಯಾಗಿ ಸಿಕ್ರೆ ಅಲ್ಲಿ ಕ್ಯಾನ್ವಾಸ್, ಸಿಗ್ಲಿಲ್ಲ ಅಂದ್ರೆ ಅಲ್ಲಿ ಪೇಸ್ಟಿಂಗ್. ನಂದು ಎದೆ ತನಕ ಮಾತ್ರ ಕ್ಯಾನ್ವಾಸ್, ಕೆಳಗೆ ಪೇಸ್ಟಿಂಗೇ, ಅದನ್ನ ಮಾಸ್ಟರ್ ಮುಚ್ಚಿಡದೆ ಮೊದ್ಲೇ ಹೇಳಿದ್ರು.

ಬಟ್ಟೆ ಕೊಟ್ಟಿದ್ದು ಡಿಸೆಂಬರ್ 20. ಮದ್ವೆ ಫೆಬ್ರವರಿ ಮೊದಲ ವಾರ. ಧನುರ್ಮಾಸದಲ್ಲಿ ಮದ್ವೆ ಇರಲ್ಲ, ಟೈಲರ್‌ಗಳು ಖಾಲಿ ಇರ್ತಾರೆ ಅನ್ನೋದು ನನ್ನ ಮಹಾ ಲೆಕ್ಕಾಚಾರ. ಸಂಕ್ರಾಂತಿ ಆದ್ಮೇಲಿನ ಮದ್ವೆಗಳ ಬಟ್ಟೆಯೆಲ್ಲ ಅದೇ ಲೆಕ್ಕ ಹಾಕ್ಕೊಂಡು ಧನುರ್ಮಾಸದಲ್ಲೇ ಬಂದು ಬಿದ್ದಿರುತ್ತೆ ಅಂತ ಹೊಳೀಲಿಲ್ಲ. ನಿಜವಾಗ್ಲೂ ಖಾಲಿ ಬೇಕು ಅಂದ್ರೆ ಆಷಾಢದಲ್ಲಿ ಹೋಗಿ. ರಂಜಾನ್ ಹತ್ರ ಆ ಕಡೆ ತಲೆನೇ ಹಾಕ್ಬೇಡಿ, ಶೇರ್ವಾನಿ ಬಿಟ್ಟು ಬೇರೆ ಮುಟ್ಟಲ್ಲ. ಮೊದಲ್ನೇ ಟ್ರಯಲ್ ಜನವರಿ 3 ಅಂದ್ರು, 8ಕ್ಕೆ ಆಯ್ತು. ಎರಡನೇದು 15 ಅಂದ್ರು, 24. ಫೋನ್ ಮಾಡಿದ್ರೆ "ಕಾಜಾಗೆ ಹೋಗಿದೆ ಸಾರ್" ಅನ್ನೋ ಉತ್ತರ, ಇನ್ನೂ ತೋಳೇ ಕೂರಿಸದ ಕೋಟು ಕಾಜಾಗೆ ಹೆಂಗೆ ಹೋಗುತ್ತೋ ಆ ದೇವರಿಗೇ ಗೊತ್ತು. ಅದಕ್ಕೇ ಎರಡು ಸ್ಟಾರ್.

ಆದ್ರೆ ಮೊದಲ್ನೇ ಟ್ರಯಲ್ ಬಗ್ಗೆ ಹೇಳ್ಬೇಕು. ಕಚ್ಚಾ ಹೊಲಿಗೆ, ಬಿಳಿ ದಾರದಲ್ಲಿ ದೊಡ್ಡ ದೊಡ್ಡ ಟಾಕಾ, ಒಂದೇ ತೋಳು, ಕಾಲರ್ ಜಾಗದಲ್ಲಿ ಬರೀ ಕ್ಯಾನ್ವಾಸ್. ಹಾಕ್ಕೊಂಡು ಕನ್ನಡಿ ನೋಡಿದ್ರೆ ಬೆದರುಬೊಂಬೆ. ಆದ್ರೆ ಭುಜ, ಅಯ್ಯೋ ಆ ಭುಜ, ಎಲ್ಲಿ ನನ್ನ ಮೂಳೆ ಮುಗಿಯುತ್ತೋ ಅಲ್ಲೇ ಬಟ್ಟೆ ಮುಗಿದು ತೋಳು ಇಳಿದಿತ್ತು. ಬೆನ್ನ ಹಿಂದೆ ಕಾಲರ್ ಕೆಳಗೆ ಒಂದು ಅಡ್ಡ ನೆರಿಗೆ ಇತ್ತು, ಮಾಸ್ಟರ್ ಚಾಕಲ್ಲಿ ಗೀಟು ಎಳೆದು ಪಿನ್ ಚುಚ್ಚಿ ತೋಳನ್ನ ಪರ್‍ರಂತ ಕಿತ್ತು ಮತ್ತೆ ಸ್ವಲ್ಪ ಮುಂದಕ್ಕೆ ತಿರುಗಿಸಿ ಹಚ್ಚಿದ್ರು. "ಕಂಪ್ಯೂಟರ್ ಮುಂದೆ ಕೂರೋರ ಕೈ ಮುಂದಕ್ಕೆ ಬಂದಿರುತ್ತೆ ಸಾರ್, ತೋಳೂ ಮುಂದಕ್ಕೆ ಕೂರಿಸ್ಬೇಕು." ಹೊಟ್ಟೆಗೆ ಮುಂದ್ಗಡೆ ಉದ್ದ ಒಂದು ಚೂರು ಜಾಸ್ತಿ ಬಿಟ್ಟಿದ್ರು, ಇಲ್ಲಾಂದ್ರೆ ಹೊಟ್ಟೆ ಎತ್ತಿ ಕೋಟಿನ ಮುಂಭಾಗ ಮೇಲಕ್ಕೆ ಹೋಗುತ್ತಂತೆ. ಹಿಂದೆ ಒಂದೇ ಸೀಳಿನ ಬದ್ಲು ಎರಡು ಪಕ್ಕಕ್ಕೂ ಸೀಳು ಇಡಿಸಿದ್ರು, ಜೇಬಲ್ಲಿ ಕೈ ಹಾಕಿದ್ರೆ ಹಿಂದ್ಗಡೆ ಬಾಯಿ ಬಿಡಲ್ಲ ಅಂತ. ನಿಮ್ಮ ಟೈಲರ್ ಕಚ್ಚಾ ಟ್ರಯಲ್ ಕೊಡಲ್ಲ, ನೇರವಾಗಿ ಫಿನಿಶಿಂಗೇ ತೋರಿಸ್ತೀನಿ ಅಂದ್ರೆ ಬಟ್ಟೆ ವಾಪಸ್ ತಗೊಂಡು ಬನ್ನಿ. ಮತ್ತೆ ಟ್ರಯಲ್‌ಗೆ ಹೋಗೋವಾಗ ಮದ್ವೆ ದಿನ ಹಾಕೋ ಶರ್ಟು, ಶೂ ಎರಡೂ ಹಾಕ್ಕೊಂಡ್ಹೋಗಿ, ನಾನು ಮೊದಲ್ನೇ ಸಲ ಚಪ್ಲಿ ಹಾಕ್ಕೊಂಡ್ಹೋಗಿ ಪ್ಯಾಂಟ್ ಉದ್ದ ತಪ್ಪಾಯ್ತು.

ಫೆಬ್ರವರಿ 3 ರಾತ್ರಿ ಎಂಟೂವರೆಗೆ ಡೆಲಿವರಿ. ನಾಡಿದ್ದು ರಿಸೆಪ್ಷನ್ನು. ಕೋಟು ಹಾಕ್ಕೊಂಡೆ, ಮಾತಾಡಂಗಿಲ್ಲ. ಗುಂಡಿ ಹಾಕಿದ್ರೂ ನೆರಿಗೆ ಇಲ್ಲ, ಗುಂಡಿಗೂ ಹೊಟ್ಟೆಗೂ ನಡುವೆ ಒಂದು ಮುಷ್ಟಿ ಹೋಗೋಷ್ಟು ಜಾಗ, ಶರ್ಟಿನ ಕಫ್ ತೋಳಿಂದ ಅರ್ಧ ಇಂಚು ಹೊರಗೆ. ಪ್ಯಾಂಟು ಹಾಕ್ಕೊಂಡು ಸ್ಟೂಲ್ ಮೇಲೆ ಕೂತೆ, ತೊಡೆ ಹತ್ರ ಬಟ್ಟೆ ಡೋಲು ಬಿಗಿದಂಗಾಯ್ತು, ಏಳೋಕೆ ಭಯ. ಕೋಟು ಹೊಲಿಯೋ ಕಾರೀಗರ್ ಬೇರೆ, ಪ್ಯಾಂಟು ಹೊಲಿಯೋರು ಬೇರೆ, ಪೀಸ್ ರೇಟ್ ಲೆಕ್ಕ, ಆ ಹುಡ್ಗ ನನ್ನ "ಮಧ್ಯ" ಅನ್ನೋದನ್ನ ಕೆಳಗೆ ಅಂತ ತಿಳ್ಕೊಂಡು ಈಗಿನ ಫ್ಯಾಷನ್ ಟೈಟೇ ಅಲ್ವಾ ಅಂತ ಹೊಲಿದ್ಬಿಟ್ಟಿದಾನೆ. ಮಾಸ್ಟರ್ ಅವನಿಗೆ ಉರ್ದೂಲಿ ಏನಂದ್ರೋ ಗೊತ್ತಿಲ್ಲ, ಅಟ್ಟದ ಮೇಲೆ ಮಿಷನ್‌ಗಳೆಲ್ಲ ಒಂದು ನಿಮಿಷ ನಿಂತ್ವು. ಪುಣ್ಯಕ್ಕೆ ಒಳಗೆ ಮಾರ್ಜಿನ್ ದಂಡಿಯಾಗಿ ಬಿಟ್ಟಿದ್ರು. ನನ್ನ ಹಳೇ ಪ್ಯಾಂಟು ಅಷ್ಟೊತ್ತಿಗೆ ಮಾವನ ಕಾರಲ್ಲಿ ಹೋಗಿಯಾಗಿತ್ತು, ಒಂದು ಲುಂಗಿ ಕೊಟ್ರು. ಮುಕ್ಕಾಲು ಗಂಟೆ, ಮೇಲೆ ಸೂಟಿನ ಕೋಟು, ಕೆಳಗೆ ಚೌಕಳಿ ಲುಂಗಿ ಉಟ್ಕೊಂಡು ಸುಲೇಮಾನಿ ಚಾ ಕುಡೀತಾ ಶಿವಾಜಿನಗರದ ಗಲ್ಲಿ ನೋಡ್ತಾ ಕೂತಿದ್ದೆ, ಹೋಗೋರು ಬರೋರು ಯಾರೂ ತಿರುಗಿ ನೋಡ್ಲಿಲ್ಲ, ಅವ್ರಿಗೆ ದಿನಾ ಇದೇ ಅನ್ಸುತ್ತೆ.

ರಿಸೆಪ್ಷನ್‌ನಲ್ಲಿ ಸೂಟ್ ಕೈ ಕೊಡ್ಲಿಲ್ಲ. ಛತ್ರದಲ್ಲಿ ಎಸಿ ಇರ್ಲಿಲ್ಲ, ಬೆವರು ಬಂತು, ಅದಕ್ಕೆ ಟೈಲರ್ ಏನು ಮಾಡ್ತಾರೆ. ಕೈ ಮುಗಿದಾಗ, ಕೈ ಕುಲುಕಿದಾಗ ಕಾಲರ್ ಕುತ್ತಿಗೆ ಬಿಟ್ಟು ಹೋಗ್ಲಿಲ್ಲ. ಫೋಟೋ ನೋಡಿದ ನಮ್ಮ ಬ್ರಾಂಚ್ ಮ್ಯಾನೇಜರ್ ತೂಕ ಇಳಿಸಿದ್ರಾ ಅಂತ ಕೇಳಿದ್ರು. ಪ್ಯಾಂಟು ಈಗ್ಲೂ ಮಂಡಿ ಹತ್ರ ಒಂಚೂರು ಬಿಗಿ, ಬಲಗಡೆ ಜೇಬಿನ ಮುಚ್ಚಳ ಎಡಗಡೆದಕ್ಕಿಂತ ಎರಡು ನೂಲು ಕೆಳಗಿದೆ, ಲೈನಿಂಗ್ ಬಣ್ಣ ನನ್ನ ಕೇಳ್ದೆ ಕಡು ಕೆಂಪು ಸ್ಯಾಟಿನ್ ಹಾಕಿದಾರೆ, ಬಿಚ್ಚಿದ್ರೆ ಜಾದೂಗಾರನ ಕೋಟು. ಒಟ್ಟು ಖರ್ಚು 12,700, ಆ ಒಡೆಯಲಾರದ ಸೆಟ್‌ಗಿಂತ ನಾಲ್ಕು ಸಾವಿರ ಕಮ್ಮಿ, ನಾಲ್ಕು ಸಲ ಹೋಗಿ ಬಂದ ಆಟೋ ಮೆಟ್ರೋ ಬಿಟ್ಟು.

ಹೋಗೋರು ಎಂ.ಜಿ. ರೋಡ್ ಮೆಟ್ರೋದಲ್ಲಿ ಇಳಿದು ನಡೀರಿ, ಕಾರು ತಗೊಂಡ್ಹೋದ್ರೆ ಪಾರ್ಕಿಂಗ್ ಹುಡುಕೋದ್ರಲ್ಲೇ ಟ್ರಯಲ್ ಟೈಮ್ ಮುಗಿಯುತ್ತೆ. ಶುಕ್ರವಾರ ಮಧ್ಯಾಹ್ನ ನಮಾಜ್ ಹೊತ್ತಲ್ಲಿ ಬಾಗ್ಲು ಹಾಕಿರುತ್ತೆ. ಅಡ್ವಾನ್ಸ್ ಅರ್ಧಕ್ಕಿಂತ ಜಾಸ್ತಿ ಕೊಡ್ಬೇಡಿ, ಮದ್ವೆ ಡೇಟ್ ಒಂದು ವಾರ ಮುಂಚೆಯೇ ಅಂತ ಸುಳ್ಳು ಹೇಳಿ. ಪ್ಯಾಂಟಿನ ಹಿಂದ್ಗಡೆ ಇನ್ನೂ ಒಂದು ಇಂಚು ಮಾರ್ಜಿನ್ ಬಾಕಿ ಇಟ್ಟಿದಾರೆ, ತಿಪಟೂರಿನ ಅತ್ತೆ ಕೈ ಅಡುಗೆ ನೋಡಿದ್ರೆ ಆಷಾಢ ಬರೋಷ್ಟ್ರಲ್ಲಿ ಅದೂ ಖರ್ಚಾಗಂಗಿದೆ.